ನೋವಿನ ರಾತ್ರಿ, ಎದೆಯ ಮೇಲಿನ ಲಿಂಗ



ಪ್ರವಚನವೆಂದ ಮೇಲೆ ಷಟ್‌ಸ್ಥಲ, ಅಷ್ಟಾವರಣ, ಪಂಚಾಚಾರಗಳ ವಿಚಾರ ಬರಬೇಕೆಂದು ನೀವು ನಿರೀಕ್ಷಿಸುವುದು ಸಹಜ. ಇಂದು ನಾವು ಎತ್ತಿಕೊಂಡಿರುವ ವಿಷಯ ಕೀಲುನೋವು. ಅದರಲ್ಲಿಯೂ ಕೀಲುನೋವಿನಿಂದ ನಿದ್ದೆಗೆಡುವ ರಾತ್ರಿ. ಕೆಲವರು ನಗುತ್ತಿದ್ದೀರಿ, ನಗಬಹುದು. ಆದರೆ ಈ ಸಭೆಯಲ್ಲಿ ಕಂಬಕ್ಕೆ ಒರಗಿ ಕುಳಿತವರು ಎಷ್ಟು ಮಂದಿ, ಕಾಲು ಚಾಚಬೇಕೆಂದರೂ ಸಂಕೋಚದಿಂದ ಮಡಿಸಿಕೊಂಡೇ ಇರುವವರು ಎಷ್ಟು ಮಂದಿ ಎಂಬುದು ಇಲ್ಲಿಂದ ನಮಗೆ ಚೆನ್ನಾಗಿ ಕಾಣುತ್ತದೆ. ಕಾಲು ಚಾಚಿಕೊಳ್ಳಿರಿ. ಗುರುವಿನ ಎದುರು ಕಾಲು ಚಾಚಬಾರದೆಂಬ ಮರ್ಯಾದೆ ಗಟ್ಟಿಕಾಲಿನವರಿಗೆ ಇರಲಿ. ನೋವಿರುವವರಿಗೆ ಅದು ಬೇಡ.

ಹಗಲಿನ ನೋವಿಗೆ ಸಂಗಾತಿಗಳು ಬಹಳ. ಹೊಲವುಂಟು, ದನಕರುಗಳುಂಟು, ಒಲೆಯುಂಟು, ಮೊಮ್ಮಕ್ಕಳುಂಟು. ಮನಸ್ಸು ಹತ್ತು ಕಡೆ ಹರಿಯುವುದರಿಂದ ನೋವು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ರಾತ್ರಿ ಹಾಗಲ್ಲ. ಊರೆಲ್ಲ ಮಲಗಿದೆ. ಮಗ್ಗುಲಲ್ಲಿರುವವರು ಗೊರಕೆ ಹೊಡೆಯುತ್ತಿದ್ದಾರೆ. ಬಲಕ್ಕೆ ಹೊರಳಿದರೆ ಬಲಮೊಣಕಾಲು ಚುಚ್ಚುತ್ತದೆ, ಎಡಕ್ಕೆ ಹೊರಳಿದರೆ ಎಡಭುಜ ಹಿಡಿಯುತ್ತದೆ. ಗಡಿಯಾರ ಒಂದು ಹೊಡೆಯಿತು, ಎರಡು ಹೊಡೆಯಿತು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನಮ್ಮಲ್ಲಿದೆ. ಮಾತು ನಿಜ. ಆದರೆ ಕೀಲು ಹಿಡಿದವನಿಗೆ ಸಂತೆ ಮುಗಿದು ಸದ್ದಡಗಿದ ಮೇಲೂ ನಿದ್ದೆಯಿಲ್ಲ ಎಂಬುದನ್ನು ಆ ಗಾದೆಯ ಜೊತೆಗೆ ಸೇರಿಸಿಕೊಳ್ಳಬೇಕು.

ನಿದ್ದೆಯೆಂದರೆ ಸೋಮಾರಿತನವೆಂದು ತಿಳಿದವರಿದ್ದಾರೆ. ಅದು ಸರಿಯಲ್ಲ. ನಮ್ಮ ಪ್ರಾಚೀನ ವೈದ್ಯಗ್ರಂಥವಾದ ಚರಕಸಂಹಿತೆಯು ಶರೀರವನ್ನು ಹೊತ್ತು ನಿಲ್ಲಿಸುವ ಮೂರು ಆಧಾರಗಳನ್ನು ಹೇಳುತ್ತದೆ: ಆಹಾರ, ನಿದ್ರೆ, ಬ್ರಹ್ಮಚರ್ಯ. ನಿದ್ದೆಗೆ ಅನ್ನದ ಪಕ್ಕದಲ್ಲಿಯೇ ಸ್ಥಾನ ಕೊಟ್ಟಿದ್ದಾರೆ ನೋಡಿರಿ. ಉಪವಾಸವಿದ್ದವನನ್ನು ಕಂಡು ಮರುಗುವ ನಾವು ನಿದ್ದೆಯಿಲ್ಲದವನನ್ನು ಕಂಡು ಮರುಗುವುದಿಲ್ಲ. ಯಾಕೆಂದರೆ ಅವನ ಹಸಿವು ಹೊರಗೆ ಕಾಣುವುದಿಲ್ಲ.

ಇಂದಿನ ವೈದ್ಯರು ಇನ್ನೊಂದು ಮಾತನ್ನು ಹೇಳುತ್ತಾರೆ. ನೋವು ನಿದ್ದೆಯನ್ನು ಕೆಡಿಸುತ್ತದೆ, ಇದು ಎಲ್ಲರಿಗೂ ಗೊತ್ತು. ಆದರೆ ಕೆಟ್ಟ ನಿದ್ದೆಯೂ ನೋವನ್ನು ಹೆಚ್ಚಿಸುತ್ತದೆ. ರಾತ್ರಿ ನಿದ್ದೆಗೆಟ್ಟ ಶರೀರಕ್ಕೆ ನೋವನ್ನು ತಾಳುವ ಶಕ್ತಿ ಕಡಿಮೆಯಾಗಿ, ಅದೇ ಕೀಲು ಮರುದಿನ ಇನ್ನೂ ಹೆಚ್ಚು ನೋಯುತ್ತದೆ. ಆ ಹೆಚ್ಚಿದ ನೋವು ಮತ್ತೆ ರಾತ್ರಿಯ ನಿದ್ದೆಯನ್ನು ಕಸಿಯುತ್ತದೆ. ಹೀಗೆ ಗಾಣದ ಎತ್ತು ಸುತ್ತಿದ ಹಾಗೆ ಮನುಷ್ಯ ಅದೇ ಜಾಗದಲ್ಲಿ ಸುತ್ತುತ್ತಾನೆ. ಈ ಸುತ್ತನ್ನು ಎಲ್ಲಿಯಾದರೂ ಒಂದು ಕಡೆ ಮುರಿಯಬೇಕು. ಕೀಲು ಪೂರ್ತಿ ವಾಸಿಯಾದ ಮೇಲೆ ನಿದ್ದೆ ನೋಡೋಣವೆಂದರೆ ಆಗುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಸೋಮವಾರ ತಪ್ಪದೆ ಮಠಕ್ಕೆ ಬರುತ್ತಿದ್ದ ಒಬ್ಬ ತಾಯಿ ಬರುವುದನ್ನು ನಿಲ್ಲಿಸಿದರು. ಅವರ ಊರಿಗೆ ಹೋದಾಗ ಕರೆಸಿ ಕೇಳಿದೆವು. ಆ ತಾಯಿ ಹೇಳಿದರು: “ಅಪ್ಪಾರ, ನೆಲಕ್ಕ ಕೂತ್ರ ಏಳಾಕ ಬರಂಗಿಲ್ಲ. ಕುರ್ಚಿ ಮ್ಯಾಲ ಕೂತು ಲಿಂಗಪೂಜಿ ಮಾಡಿದ್ರ ಪಾಪ ಅಂತಾರ. ಅದಕ್ಕ ಪೂಜಿ ಬಿಟ್ಟೀನ್ರಿ. ನಾ ಲಿಂಗಾನ ಬಿಟ್ಟೆ, ನಿದ್ದಿ ನನ್ನ ಬಿಡ್ತು. ಹಿಂದಿನ ಜನ್ಮದಾಗ ಏನ್ ಮಾಡಿದ್ನೋ ಏನೋ.” ಮನೆಯಲ್ಲಿ ಹೇಳಿದ್ದೀರಾ ಎಂದು ಕೇಳಿದೆವು. “ಅವರು ದುಡಿದು ದಣಿದು ಮಲಗಿರ್ತಾರ. ಹೇಳಿ ಏನ್ ಮಾಡ್ಲಿ?” ಎಂದರು.

ಬಂಧುಗಳೇ, ಆ ತಾಯಿಯ ಮೊಣಕಾಲಿನಲ್ಲಿದ್ದ ನೋವು ಒಂದು. ಅದರ ಮೇಲೆ ಅವರು ಹೊತ್ತುಕೊಂಡದ್ದು ಮೂರು: ಇದು ನನ್ನ ಪಾಪದ ಫಲವೆಂಬ ಅಳುಕು, ನನ್ನ ಲಿಂಗ ನನ್ನಿಂದ ದೂರವಾಯಿತೆಂಬ ಸಂಕಟ, ನನಗೆ ಯಾರೂ ಇಲ್ಲವೆಂಬ ಒಂಟಿತನ. ಮೊದಲನೆಯದು ವೈದ್ಯರ ಕೈಯಲ್ಲಿದೆ. ಉಳಿದ ಮೂರು ನಮ್ಮ ನಿಮ್ಮ ಕೈಯಲ್ಲಿವೆ. ಅವನ್ನು ಇಳಿಸಿದರೆ ನೋವು ಇದ್ದರೂ ರಾತ್ರಿ ಹಗುರಾಗುತ್ತದೆ. ಇದೇ ಇಂದು ನಾವು ಹೇಳಬೇಕೆಂದಿರುವುದು.

ಮೊದಲು ಪಾಪದ ಮಾತನ್ನು ತೆಗೆದುಕೊಳ್ಳೋಣ. ದೀಕ್ಷೆಯಾಗಿ ಲಿಂಗ ಧರಿಸಿದವನ ಪೂರ್ವಾಶ್ರಯ ಕಳೆಯಿತೆಂದು ಹೇಳುವ ಧರ್ಮ ನಮ್ಮದು. ಹಿಂದಿನ ಜನ್ಮದ ಲೆಕ್ಕವನ್ನು ಗುರು ಹರಿದು ಹಾಕಿದ ಮೇಲೆ ನೀವು ಮತ್ತೆ ಆ ಚೀಟಿಯನ್ನು ಆರಿಸಿ ಮೊಣಕಾಲಿಗೆ ಕಟ್ಟಿಕೊಳ್ಳುವುದೇಕೆ? ಲೋಕವನ್ನಾದರೂ ನೋಡಿರಿ. ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಗ್ರಾಮದಲ್ಲಿ 1970ರ ದಶಕದಲ್ಲಿ ಒಂದು ಕೀಲುರೋಗ ಬೆಳಕಿಗೆ ಬಂತು. ಬಡ ಕೂಲಿಗಾರರ ಮನೆಗಳಲ್ಲಿ, ಓಡಿ ಆಡಬೇಕಾದ ವಯಸ್ಸಿನ ಮಕ್ಕಳ ಸೊಂಟವನ್ನೂ ಮೊಣಕಾಲುಗಳನ್ನೂ ಅದು ಹಿಡಿಯಿತು. ಅದು ವಂಶದಲ್ಲಿ ಹರಿದು ಬರುವ ದೋಷವೆಂದು ಸಂಶೋಧಕರು ಕಂಡುಕೊಂಡರು. ಆ ಹಸುಮಕ್ಕಳು ಯಾವ ಪಾಪ ಮಾಡಿದ್ದರು? ಇನ್ನು ಪಾವಗಡ, ಮುಂಡರಗಿಯ ಕಡೆಗೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಹಳದಿಯಾಗುತ್ತದೆ; ಪ್ರಮಾಣ ಬಹಳ ಹೆಚ್ಚಿದ್ದರೆ ಎಲುಬು ಕೀಲುಗಳೂ ಬಿಗಿಯುತ್ತವೆ. ಅಲ್ಲಿ ತಪ್ಪು ನೀರಿನದು. ಕುದಿಸಿದರೂ ಅದು ಹೋಗುವುದಿಲ್ಲ. ಅಲ್ಲಿ ಬೇಕಾದದ್ದು ಪ್ರಾಯಶ್ಚಿತ್ತವಲ್ಲ, ಶುದ್ಧ ನೀರು.

ನಿಮ್ಮಲ್ಲಿ ಹೆಚ್ಚಿನವರ ಮೊಣಕಾಲು ಯಾಕೆ ಸವೆದಿದೆ ಎಂಬುದನ್ನು ಹೇಳಲು ಜ್ಯೋತಿಷಿ ಬೇಕಿಲ್ಲ. ನಲವತ್ತು ವರ್ಷ ಕುಕ್ಕರಗಾಲಲ್ಲಿ ಕುಳಿತು ಕಳೆ ತೆಗೆದಿದ್ದೀರಿ, ನೀರು ಹೊತ್ತಿದ್ದೀರಿ, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದಿದ್ದೀರಿ, ಮೂಟೆ ಎತ್ತಿದ್ದೀರಿ. ಎರಡು ಎಲುಬುಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿ ವಯಸ್ಸಿನಿಂದ, ದುಡಿತದಿಂದ, ತೂಕದಿಂದ ಸವೆಯುತ್ತದೆ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮೇದಾರ ಕೇತಯ್ಯನವರು ಬುಟ್ಟಿ ಹೆಣೆದರು, ಮಡಿವಾಳ ಮಾಚಯ್ಯನವರು ಬಟ್ಟೆ ಒಗೆದರು. ಕಾಯಕದಲ್ಲಿ ದುಡಿದ ಶರೀರಕ್ಕೆ ಕಾಯಕದ ಗುರುತು ಬೀಳುತ್ತದೆ. ಅದು ನಾಚಿಕೆಪಡುವ ಗುರುತಲ್ಲ.

ಹಾಗಾದರೆ ನೋವನ್ನು ಸುಮ್ಮನೆ ಸಹಿಸಬೇಕೇ? ಇಲ್ಲ. ಶಿವ ಕೊಟ್ಟದ್ದನ್ನು ಪ್ರಸಾದವೆಂದು ಸ್ವೀಕರಿಸಬೇಕು, ಆದ್ದರಿಂದ ಔಷಧ ಬೇಡ ಎನ್ನುವವರಿದ್ದಾರೆ. ನೋವು ಶಿವನಿಂದ ಬಂದದ್ದಾದರೆ ಔಷಧವೂ ಅವನಿಂದಲೇ ಬಂದದ್ದು. ಒಂದನ್ನು ಪ್ರಸಾದವೆಂದು ತೆಗೆದುಕೊಂಡು ಇನ್ನೊಂದನ್ನು ತಳ್ಳುವುದು ಯಾವ ನ್ಯಾಯ? ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರೆಂಬ ಒಬ್ಬರಿದ್ದರು. ವೈದ್ಯವೇ ಅವರ ಕಾಯಕ. ರೋಗ, ಔಷಧಗಳ ಮಾತಿನಲ್ಲಿಯೇ ಅವರು ವಚನಗಳನ್ನು ಬರೆದರು. ಹಗ್ಗ ಹೊಸೆಯುವುದರಲ್ಲಿ ಶಿವನನ್ನು ಕಂಡವರು ರೋಗ ಕಳೆಯುವುದರಲ್ಲಿಯೂ ಕಂಡರು. ಆದ್ದರಿಂದ ವೈದ್ಯರ ಬಾಗಿಲಿಗೆ ಹೋಗುವುದು ಭಕ್ತಿಯ ಕೊರತೆಯಲ್ಲ.

ಹೋದಾಗ ಸಂಕೋಚಪಡದೆ ಎಲ್ಲವನ್ನೂ ಹೇಳಿರಿ. “ಕಾಲು ನೋಯುತ್ತದೆ” ಎಂದಷ್ಟೇ ಹೇಳಿ ಬರಬೇಡಿರಿ. “ರಾತ್ರಿ ನಿದ್ದೆಯಿಲ್ಲ” ಎಂಬುದನ್ನೂ ಹೇಳಿರಿ. ಕೀಲುನೋವೆಲ್ಲ ಒಂದೇ ಅಲ್ಲ. ಸವೆದ ಕೀಲು ಬೆಳಿಗ್ಗೆ ಸ್ವಲ್ಪ ಹೊತ್ತು ಬಿಗಿದಿದ್ದು, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲಾಗುತ್ತದೆ. ಎರಡೂ ಕೈಗಳ ಸಣ್ಣ ಕೀಲುಗಳು ಬಾತು, ಬೆಳಿಗ್ಗೆ ಒಂದು ಗಂಟೆ ಕಳೆದರೂ ಮುಷ್ಟಿ ಕಟ್ಟಲು ಬಾರದಿದ್ದರೆ ಅದು ಬೇರೆ ರೋಗವಿರಬಹುದು. ಅದನ್ನು ಬೇಗ ಗುರುತಿಸಿ ಚಿಕಿತ್ಸೆ ಮಾಡಿದರೆ ಕೀಲು ಸೊಟ್ಟಾಗದಂತೆ ಉಳಿಸಬಹುದು, ತಡಮಾಡಬಾರದು. ಜ್ವರದೊಡನೆ ಒಂದೇ ಕೀಲು ಕೆಂಪಾಗಿ ಬಿಸಿಯಾಗಿ ಊದಿಕೊಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಗುಳಿಗೆಗಳ ವಿಷಯದಲ್ಲಿ ಎಚ್ಚರವಿರಲಿ. ಅಂಗಡಿಯಿಂದ ನೋವಿನ ಗುಳಿಗೆ ತಂದು ಸಿಕ್ಕಸಿಕ್ಕಂತೆ ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ. ಹೆಸರಿಲ್ಲದ ಪುಡಿ, ಚೂರ್ಣಗಳನ್ನು ತಿಂದೊಡನೆ ನೋವು ಮಾಯವಾದರೆ ಸಂತೋಷಪಡಬೇಡಿರಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ ಉದಾಹರಣೆಗಳಿವೆ. ಮೆಥೊಟ್ರೆಕ್ಸೇಟ್ ಎಂಬ ಗುಳಿಗೆಯನ್ನು ಕೀಲುರೋಗಕ್ಕೆ ವಾರಕ್ಕೊಮ್ಮೆ ಮಾತ್ರ ಕೊಡುತ್ತಾರೆ. ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಓದು ಬಾರದ ಹಿರಿಯರಿದ್ದರೆ ಗುಳಿಗೆ ಎಣಿಸಿ ಕೊಡುವ ಕೆಲಸ ಮನೆಯ ಮಕ್ಕಳದು. ನಿದ್ದೆಯ ಗುಳಿಗೆಯನ್ನಂತೂ ವೈದ್ಯರು ಹೇಳದೆ ಮುಟ್ಟಬೇಡಿರಿ. ಅದರ ಮಂಪರಿನಲ್ಲಿ ರಾತ್ರಿ ಎದ್ದು ಬಿದ್ದರೆ ಸೊಂಟದ ಎಲುಬು ಮುರಿಯುತ್ತದೆ.

ರಾತ್ರಿಯ ನಿದ್ದೆಯನ್ನು ಹಗಲಿನಲ್ಲಿಯೇ ಗಳಿಸಬೇಕು. ನೋವೆಂದು ಇಡೀ ದಿನ ಹೊರಸಿನ ಮೇಲೆ ಬಿದ್ದಿದ್ದರೆ ಕೀಲು ಇನ್ನೂ ಬಿಗಿಯುತ್ತದೆ, ರಾತ್ರಿ ನಿದ್ದೆಯೂ ಹತ್ತುವುದಿಲ್ಲ. ತಾಳಿಕೊಳ್ಳುವಷ್ಟು ನಡೆಯಿರಿ, ಬೆಳಗಿನ ಬಿಸಿಲಿಗೆ ಮೈಯೊಡ್ಡಿರಿ. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೆಟ್ಟಗೆ ಚಾಚಿ, ಐದು ಎಣಿಸುವವರೆಗೆ ಹಿಡಿದು ಇಳಿಸಿರಿ. ಒಂದೊಂದು ಕಾಲಿಗೆ ಹತ್ತು ಸಲ ಮಾಡಿರಿ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮೊಣಕಾಲಿನ ಹೊರೆ ಕಡಿಮೆ. ತೂಕ ಹೆಚ್ಚಿರುವವರು 1 ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು 4 ಕಿಲೋ ಇಳಿಯುತ್ತದೆ. ಮಿತಾಹಾರ ವ್ರತವೂ ಹೌದು, ಔಷಧವೂ ಹೌದು.

ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರದಿರಲಿ, ಮೂರು ಗಂಟೆಯ ನಂತರ ಬೇಡ. ಸಂಜೆ 5 ಗಂಟೆಗೆ ಕುಡಿದ ಚಹಾದ ಸತ್ವದಲ್ಲಿ ಸುಮಾರು ಅರ್ಧ ರಾತ್ರಿ 10 ಗಂಟೆಗೂ ರಕ್ತದಲ್ಲಿರುತ್ತದೆ. ಚಹಾ ಮಧ್ಯಾಹ್ನಕ್ಕೇ ಮುಗಿಯಲಿ. ನಮ್ಮ ಹಿರಿಯರಲ್ಲಿ ಬಹಳ ಮಂದಿ ಊಟ ಮುಗಿಸಿ ಎಂಟಕ್ಕೇ ಮಲಗುತ್ತಾರೆ, ಎರಡಕ್ಕೆ ಎಚ್ಚರವಾದರೆ ರಾತ್ರಿಯೆಲ್ಲ ನಿದ್ದೆಯಿಲ್ಲವೆಂದು ಕೊರಗುತ್ತಾರೆ. ಎಂಟರಿಂದ ಎರಡರವರೆಗೆ ಆರು ತಾಸು ನಿದ್ದೆಯಾಗಿದೆಯಲ್ಲ! ಅಂಥವರು ಹತ್ತಕ್ಕೆ ಮಲಗಿ, ನಿದ್ದೆ ಬರಲಿ ಬಾರದಿರಲಿ, ದಿನವೂ ಒಂದೇ ಹೊತ್ತಿಗೆ ಏಳುವುದನ್ನು ರೂಢಿಸಿಕೊಳ್ಳಬೇಕು.

ಮಲಗುವ ಮುಂಚೆ ಹದಿನೈದು ಇಪ್ಪತ್ತು ನಿಮಿಷ ಕೀಲಿಗೆ ಹದವಾದ ಬಿಸಿಯ ಕಾವು ಕೊಡಿರಿ. ಸಕ್ಕರೆ ಕಾಯಿಲೆಯವರ ಕಾಲಿಗೆ ಬಿಸಿ ತಿಳಿಯದೆ ಬೊಬ್ಬೆ ಬರಬಹುದು, ಬೇರೆಯವರು ಮುಟ್ಟಿ ನೋಡಿ ಕೊಡಲಿ. ನೆಲದ ಹಾಸಿಗೆಗಿಂತ ಮಂಚ ಒಳ್ಳೆಯದು, ಏಳಲು ಸುಲಭ. ಮಗ್ಗುಲಾಗಿ ಮಲಗುವವರು ಎರಡು ಮೊಣಕಾಲುಗಳ ನಡುವೆ ಒಂದು ದಿಂಬು ಅಥವಾ ಮಡಿಸಿದ ಕೌದಿ ಇಟ್ಟುಕೊಳ್ಳಿರಿ. ಬಚ್ಚಲಿನ ದಾರಿಯಲ್ಲಿ ಒಂದು ಸಣ್ಣ ದೀಪವಿರಲಿ.

ಇಷ್ಟೆಲ್ಲ ಮಾಡಿದರೂ ಕೆಲವು ರಾತ್ರಿ ಎಚ್ಚರವಾಗಿಯೇ ಆಗುತ್ತದೆ. ಆಗ ಏನು ಮಾಡಬೇಕು? ನಿದ್ದೆಯೊಡನೆ ಕುಸ್ತಿ ಹಿಡಿಯಬೇಡಿರಿ. ನಿದ್ದೆ ಕರೆದರೆ ಬರುವ ಆಳಲ್ಲ. ಬೆನ್ನಟ್ಟಿದಷ್ಟೂ ದೂರ ಓಡುತ್ತದೆ. ಇಪ್ಪತ್ತು ನಿಮಿಷ ಹೊರಳಾಡಿದರೂ ಕಣ್ಣು ಹತ್ತದಿದ್ದರೆ ಮೆಲ್ಲಗೆ ಎದ್ದು, ಮಂದ ಬೆಳಕಿನಲ್ಲಿ ಗೋಡೆಗೆ ಒರಗಿಯೋ ಕುರ್ಚಿಯ ಮೇಲೋ ಕುಳಿತುಕೊಳ್ಳಿರಿ. ಗಡಿಯಾರ ನೋಡಬೇಡಿರಿ, ಮೊಬೈಲಂತೂ ಬೇಡವೇ ಬೇಡ. ಕಣ್ಣು ಭಾರವಾದಾಗ ಮತ್ತೆ ಹಾಸಿಗೆಗೆ ಹೋಗಿರಿ.

ಹಾಗೆ ಕುಳಿತಾಗ ಒಂಟಿಯೆಂದು ಯಾಕೆ ತಿಳಿಯುತ್ತೀರಿ? ನಿಮ್ಮ ಎದೆಯ ಮೇಲೆ ಏನಿದೆ, ಮುಟ್ಟಿ ನೋಡಿಕೊಳ್ಳಿರಿ. ದೇವರನ್ನು ಕಾಣಲು ಗುಡಿಯ ಮೆಟ್ಟಿಲು ಹತ್ತಬೇಕಾಗಿದ್ದರೆ ಮೊಣಕಾಲಿಲ್ಲದವರ ಗತಿಯೇನಾಗುತ್ತಿತ್ತು? ಬಸವಣ್ಣನವರು ದೇವರನ್ನು ಅಂಗೈಗೆ ತಂದುಕೊಟ್ಟರು. ಬಡವನಿಗೆ, ಹೊಲೆಮಾದಿಗರೆಂದು ಹೊರಗಿಟ್ಟವರಿಗೆ, ಹೆಣ್ಣಿಗೆ ಬಾಗಿಲು ತೆರೆಯಿತೆಂದು ನಾವು ಹೇಳುತ್ತೇವೆ. ನಡೆಯಲಾರದ ಮುದುಕಿಗೂ ಅದೇ ಬಾಗಿಲು ತೆರೆಯಿತೆಂಬುದನ್ನು ಮರೆಯುತ್ತೇವೆ. ಇಷ್ಟಲಿಂಗವು ಹುಟ್ಟಿನಿಂದ ಕೊನೆಯವರೆಗೆ ಶರೀರವನ್ನು ಅಗಲುವುದಿಲ್ಲ. ಶರೀರ ಮಣ್ಣಿಗೆ ಹೋಗುವಾಗಲೂ ಜೊತೆಗೇ ಹೋಗುತ್ತದೆ. ಅಷ್ಟು ಹತ್ತಿರದ ಸಂಗಾತಿ ನೀವು ಕುರ್ಚಿಯ ಮೇಲೆ ಕುಳಿತಿರೆಂದು ಮುನಿಸಿಕೊಳ್ಳುವನೇ? ಲಿಂಗಕ್ಕೆ ಬೇಕಾದ ಪೀಠ ನಿಮ್ಮ ಅಂಗೈ. ಅಂಗೈ ಇರುವವರು ನೆಲದ ಮೇಲಾದರೂ ಇರಲಿ, ಕುರ್ಚಿಯ ಮೇಲಾದರೂ ಇರಲಿ, ಆಸ್ಪತ್ರೆಯ ಮಂಚದ ಮೇಲಾದರೂ ಇರಲಿ.

ನಡುರಾತ್ರಿ, ಸ್ನಾನವಿಲ್ಲದೆ ಲಿಂಗವನ್ನು ಹಿಡಿಯಬಹುದೇ ಎಂದು ಕೇಳುವಿರಿ. ಲಿಂಗಧಾರಿಗೆ ಪಂಚಸೂತಕಗಳೇ ಇಲ್ಲವೆಂದು ಶರಣರು ಸಾರಿದ ಮೇಲೆ ಈ ಸಂಶಯ ಬೇಡ. ವಿಧಿಪೂರ್ವಕವಾದ ಪೂಜೆಯನ್ನು ಬೆಳಿಗ್ಗೆ ಮಾಡಿಕೊಳ್ಳಿರಿ. ರಾತ್ರಿ ಲಿಂಗವನ್ನು ಎದೆಗೆ ಒತ್ತಿ ಹಿಡಿದು, ಉಸಿರನ್ನು ಮೆಲ್ಲಗೆ ಒಳಗೆ ಎಳೆದು, ಅದಕ್ಕಿಂತ ಮೆಲ್ಲಗೆ ಹೊರಗೆ ಬಿಡುತ್ತ, ಓಂ ನಮಃ ಶಿವಾಯ ಎಂದು ನೆನೆಯಿರಿ. ಬಿಗಿದ ಮೈ ಸಡಿಲಾಗುತ್ತದೆ. ಆದರೆ ಒಂದು ಮಾತು: ನಿದ್ದೆ ಬರಲಿ ಎಂದು ಜಪ ಮಾಡಬೇಡಿರಿ. ಹಾಗೆ ಮಾಡಿದರೆ ಮಣಿಮಣಿಗೂ “ಬಂತೇ, ಬಂತೇ” ಎಂದು ಇಣುಕಿ ನೋಡುತ್ತೀರಿ. ಬರಬೇಕಾದ ನಿದ್ದೆಯೂ ಹೆದರಿ ಹೋಗುತ್ತದೆ. ಶಿವನೊಡನೆ ವ್ಯಾಪಾರ ಬೇಡ. ಅವನ ಜೊತೆಗೆ ಸುಮ್ಮನೆ ಕುಳಿತಿರಿ. ನಿದ್ದೆ ಬಂದರೆ ನಿದ್ದೆ ಮಾಡಿರಿ, ಬರದಿದ್ದರೆ ಆ ರಾತ್ರಿ ವ್ಯರ್ಥವಾಗಲಿಲ್ಲವೆಂದು ತಿಳಿಯಿರಿ.

ಇನ್ನು ಮನೆಯವರಿಗೆ ಎರಡು ಮಾತು. ಗಟ್ಟಿಕಾಲಿನವರು ಈಗ ಕಿವಿಗೊಡಬೇಕು. ಮಠಕ್ಕೆ ಬಂದು ದಾಸೋಹದಲ್ಲಿ ಬಡಿಸಲು ಪೈಪೋಟಿ ನಡೆಸುತ್ತೀರಿ, ಸಂತೋಷ. ನಿಮ್ಮ ಮನೆಯ ಪಡಸಾಲೆಯಲ್ಲಿ ರಾತ್ರಿ ಎರಡು ಗಂಟೆಗೆ ಒಂದು ನರಳಿಕೆ ಕೇಳುತ್ತದೆ. ಕೇಳಿಯೂ ಕೌದಿಯನ್ನು ತಲೆಯವರೆಗೆ ಎಳೆದುಕೊಂಡರೆ ಮಠದ ದಾಸೋಹ ಯಾವ ಲೆಕ್ಕಕ್ಕೆ ಬರುತ್ತದೆ? ಜಂಗಮ ಬಾಗಿಲಿಗೆ ಬಂದಾಗ ಎದ್ದು ನಿಲ್ಲುವುದು ನಮ್ಮ ಸಂಪ್ರದಾಯ. ಆ ಹೊತ್ತಿನಲ್ಲಿ ನಿಮ್ಮ ಮನೆಗೆ ಬಂದಿರುವ ಜಂಗಮ ಆ ನರಳಿಕೆಯೇ ಎಂದು ತಿಳಿಯಿರಿ.

ಏನೂ ದೊಡ್ಡದು ಮಾಡಬೇಕಿಲ್ಲ. ವಾರಕ್ಕೆ ಒಂದೆರಡು ರಾತ್ರಿ ಎದ್ದು, “ಯವ್ವಾ, ಎಚ್ಚರ ಆತೇನು? ನೀರು ಕಾಸ್ಲೇನು?” ಎಂದು ಕೇಳಿರಿ. ಕಾಲಿಗೆ ಕಾವು ಕೊಡಿರಿ, ಐದು ನಿಮಿಷ ಪಕ್ಕದಲ್ಲಿ ಕುಳಿತಿರಿ. ನೋವು ಅಷ್ಟೇ ಇರುತ್ತದೆ, ಹೊರುವ ಹೆಗಲು ಎರಡಾಗುತ್ತವೆ. ಇದನ್ನೆಲ್ಲ ಸೊಸೆಯೊಬ್ಬಳ ತಲೆಗೆ ಕಟ್ಟಬಾರದು. ಅವಳೂ ಬೆಳಿಗ್ಗೆ ಬೇಗ ಏಳುವವಳು, ಅವಳ ಕೀಲುಗಳೂ ಸವೆಯುತ್ತಿವೆ. ಮಗ, ಮಗಳು, ಮೊಮ್ಮಕ್ಕಳು ಸರದಿಯಂತೆ ಏಳಲಿ. ಬೆಳೆ ಬಂದ ವರ್ಷ ಮಠಕ್ಕೆ ಏನು ಕಾಣಿಕೆ ಕೊಡಲಿ ಎಂದು ಕೇಳುವವರಿಗೆ ನಾವು ಹೇಳುವುದಿಷ್ಟು: ಮೊದಲು ಮನೆಯ ಹಿರಿಯರಿಗೆ ಒಂದು ಮಂಚ, ಕೈಹಿಡಿಯಿರುವ ಒಂದು ಕುರ್ಚಿ, ಕುಳಿತು ಏಳಲು ಬರುವಂಥ ಎತ್ತರದ ಕಕ್ಕಸು ಮಾಡಿಸಿಕೊಡಿರಿ. ಅದು ಮಠಕ್ಕೆ ಮುಟ್ಟಿತೆಂದು ನಾವು ಬರೆದುಕೊಳ್ಳುತ್ತೇವೆ.

ಹಿರಿಯರೇ, ನಿಮಗೂ ಒಂದು ಮಾತು. ಕರೆಯುವುದಕ್ಕೆ ಸಂಕೋಚಪಡಬೇಡಿರಿ. ನೋವನ್ನು ಬಚ್ಚಿಡುವುದು ತ್ಯಾಗವೆಂದು ನೀವು ತಿಳಿದಿದ್ದೀರಿ. ನೀವು ಬಚ್ಚಿಟ್ಟರೆ ನಿಮ್ಮ ಮಕ್ಕಳಿಗೆ ಸೇವೆಯ ಅವಕಾಶವೇ ತಪ್ಪುತ್ತದೆ. ಕೊಡುವವನು ದಾಸೋಹಿಯಾಗಬೇಕಾದರೆ ತೆಗೆದುಕೊಳ್ಳುವವನೂ ಇರಬೇಕಲ್ಲವೇ? ನಿಮ್ಮ ಕೈ ಬಹಳ ವರ್ಷ ಕೊಟ್ಟಿದೆ. ಈಗ ಸ್ವಲ್ಪ ತೆಗೆದುಕೊಳ್ಳಲಿ.

ಆ ತಾಯಿಗೂ ನಾವು ಇದನ್ನೇ ಹೇಳಿದೆವು. ಅವರ ಮಗನನ್ನು ಕರೆಸಿ ಹೇಳಿದೆವು. ಮೊಣಕಾಲು ಹೊಸದಾಗಲಿಲ್ಲ, ವೈದ್ಯರ ಔಷಧ, ವ್ಯಾಯಾಮಗಳಿಂದ ನೋವು ಸ್ವಲ್ಪ ತಗ್ಗಿತು. ಕುರ್ಚಿಯ ಮೇಲೆ ಕುಳಿತು ಲಿಂಗಪೂಜೆ ಮತ್ತೆ ಪ್ರಾರಂಭವಾಯಿತು. ಮಠದಲ್ಲಿಯೂ ಮುಂದಿನ ಸೋಮವಾರದಿಂದ ಪೂಜೆಯ ಹೊತ್ತಿಗೆ ಗೋಡೆಯ ಪಕ್ಕ ಕುರ್ಚಿಗಳ ಸಾಲು ಹಾಕಿಸಿದೆವು. ಅದು ಶ್ರೀಮಂತರ ಸಾಲಲ್ಲ, ಗಣ್ಯರ ಸಾಲಲ್ಲ. ದುಡಿದು ಸವೆದ ಮೊಣಕಾಲುಗಳ ಸಾಲು. ಅಲ್ಲಿ ಕುಳಿತುಕೊಳ್ಳಲು ಯಾರೂ ನಾಚಬಾರದು, ಕುಳಿತವರನ್ನು ಕಂಡು ಯಾರೂ ನಗಬಾರದು.

ಇಂದು ರಾತ್ರಿ ನಿಮ್ಮಲ್ಲಿ ಯಾರಿಗಾದರೂ ಎಚ್ಚರವಾದರೆ ಈ ಮಾತುಗಳಲ್ಲಿ ಒಂದಾದರೂ ನೆನಪಿಗೆ ಬರಲಿ. ನೋವಿದ್ದವರಿಗೆ ನೆಮ್ಮದಿಯ ನಿದ್ದೆ ಬರಲಿ, ನಿದ್ದೆ ಮಾಡುವವರಿಗೆ ನೋವಿದ್ದವರ ದನಿ ಕೇಳಲಿ ಎಂದು ಹಾರೈಸಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.